ಮಾವನ ಹೊಲ ಮತ್ತು ಟಿಕೆಟ್ ಇಲ್ಲದ ಆಡು

ನಮ್ಮ ಸೋದರಮಾವ ಕೂತದ್ದನ್ನು ಕಂಡವರು ಜಹೀರಾಬಾದಿನಲ್ಲಿ ಒಬ್ಬರೂ ಇಲ್ಲ. ನಗಬೇಡಿ, ನಿಜ ಹೇಳುತ್ತಿದ್ದೇನೆ! ಬಸ್ ಕಂಡಕ್ಟರ್ ಆಗಿ ಇಡೀ ಸರ್ವೀಸನ್ನು ನಿಂತೇ ಕಳೆದ ಮನುಷ್ಯ. ಬಸ್ಸು ಖಾಲಿ ಹೊರಟರೂ ಕೂರುತ್ತಿರಲಿಲ್ಲ. "ಸೀಟು ಟಿಕೆಟ್ ತಗೊಂಡವರಿಗಿ" ಎನ್ನುತ್ತಿದ್ದರು. ಮನೆಯಲ್ಲಿ ಚಹಾ ನಿಂತೇ, ಪೇಪರ್ ನಿಂತೇ. ಮದುವೆಗೆ ಹೋದರೆ ಪಂಕ್ತಿಯಲ್ಲಿ ಕೂರುವ ಬದಲು ಸಾರಿನ ಬಕೆಟ್ ಹಿಡಿದು ಬಡಿಸಲು ಹೊರಟುಬಿಡುತ್ತಿದ್ದರು. ಅವರದೇ ಮದುವೆಯ ಫೋಟೋ ನೋಡಬೇಕು ನೀವು. ಅತ್ತೆ ಒಂದು ಕುರ್ಚಿಯಲ್ಲಿ ಕೂತಿದ್ದಾರೆ, ಪಕ್ಕದ ಕುರ್ಚಿ ಖಾಲಿ, ಮಾವ ಅದರ ಬೆನ್ನನ್ನು ಬಸ್ಸಿನ ಕಂಬಿಯ ಹಾಗೆ ಹಿಡಿದು ಹಿಂದೆ ನಿಂತಿದ್ದಾರೆ! ಹಾಗಾದರೆ ನನ್ನ ಬೈಕಿನ ಹಿಂದೆ ಕೂರುವುದಿಲ್ಲವೇ? ನಾನೂ ಕೇಳಿದ್ದೆ. "ಅದು ಕುಂಡ್ರೂದಲ್ಲೋ ಅಳಿಯಾ, ಅದು ಹೋಗೂದು" ಎಂದರು.

ಇಂಥವರಿಗೆ ರಿಟೈರ್‌ಮೆಂಟ್ ಬಂತು. ಡಿಪೋದಲ್ಲಿ ಶಾಲು ಹೊದಿಸಿ, ತೆಂಗಿನಕಾಯಿ ಕೈಗಿಟ್ಟು, ಬಂದವರೆಲ್ಲ ಒಂದೇ ಮಾತು ಹೇಳಿದರು: "ದುಡದಿದ್ದು ಸಾಕ್ರಿ, ಇನ್ನ ಆರಾಮ ಮನ್ಯಾಗ ಕುಂಡ್ರಿ." ಮೊದಲನೆಯವರಿಗೆ ಮಾವ ಕೈ ಮುಗಿದರು. ಎರಡನೆಯವರು ಹೇಳಿದಾಗ ಮುಖ ಸಣ್ಣದಾಯಿತು. ಮೂರನೆಯವರು ಬಾಯಿ ತೆರೆಯುವಷ್ಟರಲ್ಲಿ ಮೈಕ್ ಕಸಿದುಕೊಂಡರು.

"ಕುಂಡ್ರಾಕ ರಿಟೈರ್ ಆಗಿಲ್ರಿ ನಾ! ಹೊಲಾ ಮಾಡ್ತೀನಿ! ಬರೋ ಎಳ್ಳಮಾಸಿಗಿ ನೀವೆಲ್ಲಾರು ಹೆಂಡ್ರು ಮಕ್ಕಳ್ನ ಕರ್ಕೊಂಡು ನಮ್ಮ ಹೊಲಕ್ಕ ಊಟಕ್ಕ ಬರ್ರಿ!"

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿದ್ದ ಅತ್ತೆ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಯಾಕೆಂದರೆ ಮಾವನಿಗೆ ಹೊಲವೇ ಇರಲಿಲ್ಲ! ಗೇಣು ಭೂಮಿಯೂ ಇಲ್ಲ. ಅವರ ಅಪ್ಪನಿಗೂ ಇರಲಿಲ್ಲ, ಅಜ್ಜನಿಗೂ ಇರಲಿಲ್ಲ. ಎಲ್ಲರೂ ಮಂದಿಯ ಹೊಲದಲ್ಲಿ ದುಡಿದವರೇ.

ನಮ್ಮ ಕಡೆಯವರಲ್ಲದವರಿಗೆ ಈ ತಪ್ಪಿನ ತೂಕ ಗೊತ್ತಾಗಲಿಕ್ಕಿಲ್ಲ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ನಮ್ಮಲ್ಲಿ ಯಾರೂ ಊರಲ್ಲಿರುವುದಿಲ್ಲ. ಹತ್ತಾರು ಸೊಪ್ಪು, ಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ಶೇಂಗಾ ಹೋಳಿಗೆ ಬುಟ್ಟಿಯಲ್ಲಿ ಹೊತ್ತು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಬೆಳೆಯ ಸುತ್ತ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಮೊದಲ ತುತ್ತು ಎರಚಿ, ಆಮೇಲೆ ತಾವು ಉಣ್ಣುತ್ತಾರೆ. ಹೊಲ ಇಲ್ಲದವರನ್ನು ಇದ್ದವರು ಕರೆಯುತ್ತಾರೆ. ಹೊಲ ಇಲ್ಲದವನೇ ಊರನ್ನೆಲ್ಲ ಕರೆದದ್ದು ಇದೇ ಮೊದಲು!

ಮನೆಗೆ ಬಂದ ಮೇಲೆ ಅತ್ತೆ ಕೇಳಿದರು. "ಯಾವ ಹೊಲರೀ?"

"ನೋಡೂಣಂತ."

"ಬಸ್ಸೇ ಬಂದಿಲ್ಲ, ಟಿಕೆಟ್ ಹರಿದು ಕೊಟ್ಟೀರಲ್ಲ! ಅಷ್ಟು ಕೈ ತುರಸ್ತಿದ್ರ ಮಾಳಿಗಿ ಮ್ಯಾಲ ಡಬ್ಬ್ಯಾಗ ನನ್ನ ಗಿಡ ಅವ, ನೀರ ಹಾಕ್ರಿ."

ಆಗಲೇ ಶುರುವಾಯಿತು ನೋಡಿ ನನ್ನ ಶನಿ. ಬೈಕು ನನ್ನದು, ಪೆಟ್ರೋಲ್ ಮಾವನದು, ಧೂಳು ಇಬ್ಬರದು.

ಮೊದಲು ತಾಂಡೂರಿನ ಕಡೆ ಹೋದೆವು. "ತಾಂಡೂರ ತೊಗರಿ ಅಂದ್ರ ಏನಂತ ತಿಳದೀರಿ ಸಾಬ್!" ಎಂದು ದಲಾಲ ಕೊಂಡಾಡಿದ್ದೇ ಕೊಂಡಾಡಿದ್ದು. ಮೇಲೆ ನೋಡಿದರೆ ಕರಿ ಮಣ್ಣು, ಕಣ್ಣಿಗೆ ತಂಪು. ಮಾವ ಮನೆಯಿಂದ ತಂದ ಹಾರೆಯನ್ನು ಎತ್ತಿ ಹಾಕಿದರು. ಠಣ್! ಇನ್ನೊಂದು ಕಡೆ ಹಾಕಿದರು. ಠಣ್! ಎಲ್ಲಿ ಹಾಕಿದರೂ ಗೇಣಿನ ಕೆಳಗೆ ಬಂಡೆ. ತಾಂಡೂರಿನ ಕಲ್ಲು ಯಾರಿಗೆ ಗೊತ್ತಿಲ್ಲ?

"ಈ ಹೊಲ ಬಿತ್ತಾಕಲ್ಲಪ್ಪಾ, ಮನಿಗಿ ಹಾಸಾಕ ಭಾಳ ಚಲೋ ಅದ" ಎಂದು ಹಾರೆ ಹೆಗಲಿಗೇರಿಸಿದರು ಮಾವ.

ನಾರಾಯಣಖೇಡದ ಹತ್ತಿರ ಇನ್ನೂ ಮಜಾ. ಅಲ್ಲಿ ಹೊಲಕ್ಕೆ ಕಮಾನು ಕಟ್ಟಿ ದೀಪ ಹಾಕಿದ್ದರು! ಒಳಗೆ ಸಾಲು ಸಾಲು ಮಾವಿನ ಸಸಿ, ಒಂದು ಈಜುಕೊಳ, ಒಂದು ಉಯ್ಯಾಲೆ. ಕಪ್ಪು ಕನ್ನಡಕದ ಏಜೆಂಟ್ ಓಡಿ ಬಂದು ನೀರಿನ ಬಾಟಲಿ ಕೊಟ್ಟ.

"ಅಂಕಲ್, ನೀವು ಏನೂ ಮಾಡೋದು ಬ್ಯಾಡ್ರಿ. ಬಿತ್ತೋರು ನಾವು, ನೀರು ಬಿಡೋರು ನಾವು, ಹಣ್ಣು ಹರಿದು ಮನೆಗೆ ಕಳಿಸೋರು ನಾವು."

"ಮತ್ತ ನಾ ಏನ್ ಮಾಡಬೇಕು?"

"ನೀವು ಬಂದು ಈ ಉಯ್ಯಾಲ್ಯಾಗ ಆರಾಮ ಕುಂಡ್ರೋದು!"

ಅಯ್ಯೋ, ಆಡಬಾರದ ಮಾತನ್ನೇ ಆಡಿಬಿಟ್ಟ! ಮಾವ ಬಾಟಲಿಯ ಮುಚ್ಚಳ ತೆಗೆಯದೆ ವಾಪಸ್ ಅವನ ಕೈಯಲ್ಲಿಟ್ಟು ಕಮಾನಿನ ಹೊರಗೆ ನಡೆದರು. ರಾಯಿಕೋಡಿನಲ್ಲಿ ಹೊಲ ಚೆನ್ನಾಗಿತ್ತು, ಆದರೆ ಅದಕ್ಕೆ ನಾಲ್ವರು ಅಣ್ಣತಮ್ಮಂದಿರು. ಇಬ್ಬರು ಮಾರೋಣ ಎಂದರು, ಇಬ್ಬರು ಬೇಡ ಎಂದರು, ನಮ್ಮ ಎದುರೇ ಕೈ ಕೈ ಮಿಲಾಯಿಸಲು ಹೊರಟರು. ಮಾವ ನಡುವೆ ನುಗ್ಗಿ, "ಮದ್ಲ ಇಳಿಯೋರು ಇಳೀರಿ, ಆಮ್ಯಾಲ ಹತ್ತೋರು ಹತ್ರಿ!" ಎಂದು ಕೂಗಿದರು. ಅಭ್ಯಾಸ, ಏನು ಮಾಡುವುದು?

ಹೀಗೆ ದಸರಾ ಹೋಯಿತು, ದೀಪಾವಳಿ ಹೋಯಿತು. ಸಂತೆಯಲ್ಲಿ ಸಿಕ್ಕವರೆಲ್ಲ ಕೇಳತೊಡಗಿದರು: "ಎಳ್ಳಮಾಸಿ ಬಂತಲ್ರಿ, ಹೊಲ ಎಲ್ಲಿ?" ಮಾವ ಹುಸಿನಗೆ ನಗುತ್ತ, "ಬಸ್ ಬರಾಕತ್ತದ" ಎನ್ನುತ್ತಿದ್ದರು. ಅತ್ತೆ ಏನೂ ಕೇಳುತ್ತಿರಲಿಲ್ಲ. ಆದರೆ ಒಂದು ದಿನ ಹೋದಾಗ ನೋಡುತ್ತೇನೆ, ಅವರು ಎಳ್ಳು ಆರಿಸುತ್ತಿದ್ದಾರೆ, ಮೂಲೆಯಲ್ಲಿ ಹೊಸ ಬಿದಿರಿನ ಬುಟ್ಟಿ ಇದೆ. ಮಾವ ಆ ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು, ಚಪ್ಪಲಿ ಹಾಕಿಕೊಂಡರು. "ನಡಿ ಅಳಿಯಾ, ನ್ಯಾಲ್ಕಲ್ ಕಡಿ ಹೋಗೂಣು." ಅಂದು ಅತ್ತೆಯೂ ಬರುತ್ತೇನೆಂದರು. ಆಟೋ ಮಾಡಿಕೊಂಡು ಹೋದೆವು. ಆಟೋದಲ್ಲೂ ಮಾವ ಹಿಂದೆ ಕಂಬಿ ಹಿಡಿದು ನಿಂತೇ ಬಂದರು ಎಂದು ಬೇರೆ ಹೇಳಬೇಕೇ!

ಹೊಲ ನೋಡಿದ ಕೂಡಲೇ ಮೂವರಿಗೂ ಅನಿಸಿತು, ಇದೇ ಅಂತ. ಎರಡು ಎಕರೆ, ಮೊಣಕಾಲೆತ್ತರ ಬಿಳಿಜೋಳ, ಬದುವಿನಲ್ಲಿ ಒಂದು ಬೇವಿನ ಮರ. ಹಾರೆ ಹಾಕಿದರೆ ಠಣ್ ಎನ್ನಲಿಲ್ಲ. ಒಡೆಯ ಒಬ್ಬ ಮುದುಕ. ಹಳ್ಳದ ಆಚೆ ಇನ್ನೊಂದು ಹೊಲವಿತ್ತು, ಎರಡನ್ನೂ ನೋಡಿಕೊಳ್ಳಲಾಗದೆ ಇದನ್ನು ಬೆಳೆ ಸಮೇತ ಮಾರಲು ಒಪ್ಪಿದ್ದ. ಎಲೆ ಅಡಿಕೆ ಕೊಡಲು ಕೈ ಚಾಚಿದವನು ಮಾವನ ಮುಖ ನೋಡಿ ಕೈ ಹಿಂದಕ್ಕೆಳೆದ.

"ನೀವ್ ನ್ಯಾಲ್ಕಲ್ ಬಸ್ಸಿನ ಕಂಡಕ್ಟರ್ ಅಲ್ಲೇನ್ರಿ?"

"ಹೌದಲ್ರಿ!" ಮಾವ ಹಿಗ್ಗಿದರು.

"ಸಂತಿಯಿಂದ ಬರ್ವಾಗ ನನ್ನ ಆಡ ಹಳ್ಳದ ಹಂತ್ಯಾಕ ಇಳಿಸಿದ್ರಿ! ಅದರ ಜೋಡಿ ನನ್ನೂ ಇಳಿಸಿದ್ರಿ! ನಿಮಗ ಹೊಲ ಕೊಡಂಗಿಲ್ಲ, ಹೋಗ್ರಿ."

ಬೇರೆ ಯಾರಾದರೂ ಆಗಿದ್ದರೆ 'ತಪ್ಪಾಯಿತು ಅಣ್ಣಾ' ಎಂದು ಕೈ ಮುಗಿಯುತ್ತಿದ್ದರು. ನಮ್ಮ ಮಾವ? "ಆಡಿಗಿ ಟಿಕೆಟ್ ಇತ್ತೇನು?" ಎಂದರು!

"ಆಡಿಗಿ ಎಂಥಾ ಟಿಕೆಟ್ರೀ?"

"ಲಗೇಜ್ ಟಿಕೆಟ್! ತಗೋ ಅಂದ್ರ ತಗೊಳ್ಳಿಲ್ಲ ನೀ!"

ಇಬ್ಬರ ದನಿಗೂ ಬೇವಿನ ಮರದ ಹಕ್ಕಿಗಳು ಹಾರಿಹೋದವು. ಮುಗಿಯಿತು ಕಥೆ, ನಡೆಯಿರಿ ಮನೆಗೆ ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ಯಣ್ಣಾ, ಆಮ್ಯಾಲ ಆಡ ಏನಾತು?"

"ಏನಾಗ್ತದವ್ವಾ, ಹಳ್ಳದಿಂದ ಊರತನಾ ಎಳಕೊಂಡು ನಡದೆ. ಬಿಸಲು ಅಂದ್ರ ಬಿಸಲು."

"ಹಂಗಾರ ಇವರ್ನೂ ನಡಸ್ರಿ. ಅದೇ ಹಳ್ಳದಿಂದ, ಅದೇ ಬಿಸಲಾಗ, ಆಡ ಹಿಡಕೊಂಡು. ಲೆಕ್ಕ ಚುಕ್ತಾ ಆಗ್ತದ."

ಮುದುಕ ಬಾಯಿ ಬಿಟ್ಟು ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ. ಆ ಆಡಿನ ಮೊಮ್ಮಗಳು ಅವನ ಕೊಟ್ಟಿಗೆಯಲ್ಲೇ ಇತ್ತು! ಮಾವನಿಗೆ ನಡೆಯುವುದೆಂದರೆ ಶಿಕ್ಷೆಯೇ? ಹಳ್ಳದ ದಂಡೆಯಿಂದ ಹಗ್ಗ ಹಿಡಿದು ಠೀವಿಯಿಂದ ಹೊರಟರು. ಆದರೆ ಆಡಿಗೆ ಗೊತ್ತಾಗಬೇಕಲ್ಲ! ಹತ್ತು ಹೆಜ್ಜೆಗೊಮ್ಮೆ ಬೇಲಿಗೆ ಬಾಯಿ ಹಾಕಿ ನಿಂತುಬಿಡುವುದು. ಮಾವ "ರೈಟ್! ರೈಟ್!" ಎನ್ನುವುದು. ಅದು ಅಲ್ಲಾಡದು. ಮತ್ತೆ "ರೈಟ್!" ಕೊನೆಗೆ ಮಾವ ಆಡನ್ನು ಹೆಗಲ ಮೇಲೆ ಹೊತ್ತುಕೊಂಡೇ ಊರು ಮುಟ್ಟಿದರು. ಹಿಂದೆ ಆಟೋದಲ್ಲಿ ಅತ್ತೆ ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದರು. ಮುದುಕ ಎಲೆ ಅಡಿಕೆ ಕೊಟ್ಟು, "ಆತು, ಹೊಲ ನಿಮ್ದೇ" ಎಂದ. ರಿಜಿಸ್ಟ್ರಿಯೂ ಆಯಿತು, ಎಳ್ಳಮಾಸಿಯೂ ಬಂತು.

ಡ್ಯೂಟಿ ಇಲ್ಲದ ಡಿಪೋದವರೆಲ್ಲ ಬಂದರು, ನಮ್ಮ ಓಣಿ ಬಂತು. ಮುದುಕ ಬೆಳಗ್ಗೆಯೇ ಬಂದು ಕಣಕಿಯ, ಅಂದರೆ ಜೋಳದ ಒಣದಂಟಿನ, ಪುಟ್ಟ ಕೊಂಪೆ ಕಟ್ಟಿ, ಒಳಗೆ ಪಾಂಡವರೆಂದು ಐದು ಕಲ್ಲಿಗೆ ಸುಣ್ಣ ಹಚ್ಚಿಟ್ಟಿದ್ದ. ಪೂಜೆ ಮುಗಿಯಿತು. ಮಾವ ಭಜ್ಜಿ ಕಲಸಿದ ಬುಟ್ಟಿ ಹಿಡಿದು ಮುಂದೆ, ಅತ್ತೆ ನೀರಿನ ಚರಿಗೆ ಹಿಡಿದು ಹಿಂದೆ. ಮುಂದಿನವರು ಎರಚಿ ಕೂಗಬೇಕು, ಹಿಂದಿನವರು ನೀರು ಚಿಮುಕಿಸಿ ಉತ್ತರ ಕೊಡಬೇಕು.

"ಓಲಗ್ಯಾ... ಓಲಗ್ಯಾ!" ಮಾವನ ಕಂಡಕ್ಟರ್ ಗಂಟಲು ಹಳ್ಳದ ಆಚೆಗೂ ಕೇಳಿಸಿತು.

"ಸಾಲಂ ಪೊಲಗ್ಯಾ..." ಅತ್ತೆಯ ದನಿ ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳಲಿಲ್ಲ.

ಆ ದನಿ ನನಗೆ ಗೊತ್ತಿತ್ತು. ಶಾಲೆ ಕಲಿಯಲು ನಾನು ಅವರ ಮನೆಯಲ್ಲೇ ಇದ್ದವನು. ಎಳ್ಳಮಾಸಿಗೆ ಬಸ್ಸಿಗೆ ವಿಪರೀತ ಮಂದಿ, ಮಾವನಿಗೆ ರಜೆಯೇ ಇಲ್ಲ. ಊರಿನ ಬುಟ್ಟಿಗಳನ್ನೆಲ್ಲ ಹೊಲಗಳಿಗೆ ಮುಟ್ಟಿಸುವುದೇ ಅವರ ಹಬ್ಬ. ಕರೆದವರ ಹೊಲಕ್ಕೆ ಅತ್ತೆ ಒಬ್ಬರೇ ಹೋಗಲೊಲ್ಲರು. ಮನೆಯಲ್ಲೇ ಭಜ್ಜಿ ಮಾಡಿ, ಮಾಳಿಗೆ ಹತ್ತಿ, ತಮ್ಮ ಡಬ್ಬಿಗಿಡಗಳ ಸುತ್ತ ಚರಗ ಚೆಲ್ಲುತ್ತಿದ್ದರು. ನೆರೆಯವರು ಕೇಳಿ ನಕ್ಕಾರೆಂದು ಪಿಸುದನಿಯಲ್ಲಿ. ಯಾಕೆ ಇಷ್ಟು ಸಣ್ಣಗೆ ಎಂದು ನಾನು ಕೇಳಿದಾಗ, "ಒದರಾಕ ಹೊಲ ಬೇಕಪ್ಪಾ" ಎಂದಿದ್ದರು. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತು ಎಂದು ನಾನು ತಿಳಿದಿದ್ದೆ.

ಮಾವ ನಿಂತು ಹಿಂದಕ್ಕೆ ತಿರುಗಿದರು. "ಯಾಕ ಅಷ್ಟು ಸಣ್ಣ ದನಿ? ಇದೇನ್ ಮಾಳಿಗಿ ಅಲ್ಲ. ಒದರು. ನಿನ್ನ ಹೊಲ ಅದ ಇದು."

ಅತ್ತೆ ಅವರನ್ನೇ ನೋಡಿದರು. ಆಮೇಲೆ ಎದೆ ತುಂಬ ಉಸಿರೆಳೆದು ಕೂಗಿದರು ನೋಡಿ, "ಸಾಲಂ ಪೊಲಗ್ಯಾ!" ಅಯ್ಯಪ್ಪಾ, ಅಂಥ ಗಂಟಲು ಆ ಮೈಯಲ್ಲಿ ಎಲ್ಲಿತ್ತೋ! ಅಕ್ಕಪಕ್ಕದ ಹೊಲದವರೆಲ್ಲ ಎದ್ದು ನಿಂತು ನೋಡಿದರು. ಅತ್ತೆ ಮಾವನ ಕೈಯಿಂದ ಬುಟ್ಟಿ ಇಸಿದುಕೊಂಡು, ತಾವೇ ಎರಚುತ್ತ, ತಾವೇ ಕೂಗುತ್ತ, ತಾವೇ ಉತ್ತರ ಕೊಡುತ್ತ ಬದುವಿನುದ್ದಕ್ಕೂ ಹೊರಟೇಬಿಟ್ಟರು.

ಮಾವ ಖಾಲಿ ಕೈಯಲ್ಲಿ ಒಂದು ಗಳಿಗೆ ನಿಂತಿದ್ದರು. ಆಮೇಲೆ ಹೆಗಲ ಟವೆಲ್ ತೆಗೆದು ಕಣ್ಣಿಗೊತ್ತಿಕೊಂಡು, ಬೇವಿನ ಮರದ ಕೆಳಗೆ, ಆ ಕರಿ ಮಣ್ಣಿನ ಮೇಲೆ ಮೆಲ್ಲಗೆ ಕೂತರು.

ಡಿಪೋದವರು ಗಾಬರಿಯಾಗಿ ಓಡಿ ಬಂದರು. "ಯಾಕ್ರಿ, ಏನಾತ್ರಿ? ನೀರ ಬೇಕೇನ್ರಿ?"

"ಏನೂ ಆಗಿಲ್ಲ, ಸುಮ್ನಿರ್ರೋ" ಎಂದರು ಮಾವ. "ಆಕಿ ಒದರೂದು ಕೇಳಾಕ ಕುಂತೀನಿ."