ಹೋಗದ ಊರಿನ ಓಮಿಯಾಗೆ

ಫರ್ಗಸ್‌ನ ಹೊಟ್ಟೆ ಕೆಟ್ಟಿದ್ದು ಭಾನುವಾರ ತಿಂದ ಹಸಿ ಸಿಂಪಿಯಿಂದ. ಹೆಸರು ಕೆಟ್ಟಿದ್ದು ಮಾತ್ರ ಮಂಗಳವಾರ ಹಂಚಿದ ಸಿಹಿಯಿಂದ.

ಸೋಮವಾರವಿಡೀ ಅವನು ತಾನು ಇಂಗ್ಲಿಷ್ ಕಲಿಸುವ ಶಾಲೆಗೆ ರಜೆ ಹೇಳಿ, ತನ್ನ ಬಾಡಿಗೆ ಕೋಣೆಯಲ್ಲಿ ಬಿಸಿನೀರು ಕುಡಿಯುತ್ತ, ಗೋಡೆ ಹಿಡಿದು ಓಡಾಡುತ್ತ ಕಳೆದಿದ್ದ. ಹೊಟ್ಟೆನೋವಿಗಿಂತ ಅವನಿಗೆ ರಜೆಯದೇ ಚಿಂತೆ. ಮುಂದಿನ ತಿಂಗಳು ಅವನ ತಾಯಿ ಎಲ್ಸ್‌ಪೆತ್ ಸ್ಕಾಟ್ಲೆಂಡಿನ ದ್ವೀಪದಿಂದ ಮೊದಲ ಸಲ ಜಪಾನಿಗೆ ಬರುವವಳಿದ್ದಳು. ಡಾಕ್ಟರ ಮುಂದೆಯೂ ಕೋಟಿನ ಮೇಲಿನ ಗುಂಡಿ ಬಿಚ್ಚದ ಹೆಂಗಸು. 'ಗದ್ದಲ ಬೇಡಪ್ಪ, ನಾವಿಬ್ಬರೇ ಎಲ್ಲಾದರೂ ನೆಮ್ಮದಿಯಾಗಿ ಕೂತು ಮಾತಾಡೋಣ' ಎಂದು ಅವಳು ಹೇಳಿಟ್ಟಿದ್ದಳು. ಅದಕ್ಕಾಗಿ ಅವನು ಕೇಳಿದ್ದ ಮೂರು ದಿನದ ರಜೆಗೆ ವೈಸ್ ಹೆಡ್ಮಾಸ್ತರ ಕುರೊಸಾಕಾ ಅವರ ಮುದ್ರೆ ಇನ್ನೂ ಬಿದ್ದಿರಲಿಲ್ಲ. ರಜೆ ಕೇಳುವವನನ್ನು ಅವರು ಯುದ್ಧದಿಂದ ಓಡಿಬಂದ ಸಿಪಾಯಿಯಂತೆ ನೋಡುತ್ತಿದ್ದರು.

ಸೋಮವಾರ ಸಂಜೆ ಮೊರ್ವೆನ್ ಬಂದಳು. ಪಕ್ಕದ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು, ಈ ದೇಶದಲ್ಲಿ ಹಳಬಳು, ಆದ್ದರಿಂದ ಸಲಹೆ ಕೊಡುವುದರಲ್ಲಿ ಎತ್ತಿದ ಕೈ.

"ಅಷ್ಟಕ್ಕೆಲ್ಲಾ ತಲೆ ಕೆಡಿಸ್ಕೋತಾರೇನೋ? ಓಮಿಯಾಗೆ ಇಡು, ಎಲ್ಲಾ ಸರಿಹೋಗತ್ತೆ. ನನ್ನ ಹತ್ರ ಒಂದು ಡಬ್ಬ ಹೆಚ್ಚಿಗೆ ಇದೆ, ತಗೋ."

ಇಲ್ಲಿ ಇಂಗ್ಲಿಷ್ ಕಲಿಸಲು ಬಂದ ನಮ್ಮಂಥ ಪರದೇಶಿಗಳದು ಬೇರೆಯೇ ಒಂದು ಭಾಷೆ. ಜಪಾನಿ ಮಾತುಗಳನ್ನು ಎರವಲು ತಂದು ನಮ್ಮ ಅಳತೆಗೆ ಕತ್ತರಿಸಿ ಹೊಲಿಸಿಕೊಂಡಿದ್ದೇವೆ. ಊರಿನವರಿಗೆ 'ಗೆಂಕಿ' ಅಂದರೆ ಆರೋಗ್ಯ. ನಮಗೆ ಅದು ಮಕ್ಕಳ ಮುಂದೆ ಕೋತಿಯಂತೆ ಕುಣಿಯುವ ಕೆಲಸ. 'ಬೆಳಿಗ್ಗೆಯಿಂದ ಗೆಂಕಿ ಮಾಡಿ ಸೊಂಟ ಬಿದ್ದುಹೋಯ್ತು' ಎನ್ನುತ್ತೇವೆ. 'ಓಮಿಯಾಗೆ'ಯ ಪಾಡೂ ಅದೇ. ಊರಿನವರ ಬಾಯಲ್ಲಿ ಅದು ಹೋಗಿಬಂದ ಊರಿನಿಂದ ಜೊತೆಯವರಿಗೆಲ್ಲ ತರುವ ಸಿಹಿ. ನಮ್ಮ ಬಾಯಲ್ಲಿ ಅದು ಶುದ್ಧ ತಪ್ಪುಕಾಣಿಕೆ. ತಡವಾಗಿ ಬಂದೆಯಾ, ಓಮಿಯಾಗೆ ಇಡು. ಜೆರಾಕ್ಸ್ ಯಂತ್ರ ಕೆಡಿಸಿದೆಯಾ, ಓಮಿಯಾಗೆ ಇಡು. ಹಾಗೆ ಇಟ್ಟು ಪಾರಾದವರೂ ಇದ್ದಾರೆ, ಸುಳ್ಳು ಹೇಳಬಾರದು.

ಮಂಗಳವಾರ ಬೆಳಿಗ್ಗೆ ಫರ್ಗಸ್ ಎಲ್ಲರಿಗಿಂತ ಮೊದಲು ಶಾಲೆಗೆ ಹೋಗಿ, ಶಿಕ್ಷಕರ ಕೋಣೆಯ ಒಂದೊಂದು ಮೇಜಿನ ಮೇಲೂ ಆ ಡಬ್ಬದ ಒಂದೊಂದು ಹೂರಣದ ಬನ್ನು ಇಟ್ಟ. ಬನ್ನು ಸುತ್ತಿದ ತೆಳು ಹಾಳೆಯ ಮೇಲೆ ಏನೋ ದಪ್ಪಕ್ಷರ. ಅವನಿಗೆ ಓದಲು ಬಾರದು. ಬನ್ನಿನ ಬೆನ್ನ ಮೇಲೆ ಒಂದು ಬಟ್ಟಲು, ಅದರಿಂದ ಏಳುವ ಮೂರೆಳೆ ಆವಿಯ ಮುದ್ರೆ. ಬಿಸಿ ಚಹಾದ ಜೊತೆ ತಿನ್ನಿ ಅಂತಿರಬೇಕು ಎಂದುಕೊಂಡ.

ಮೊದಲು ಬಂದದ್ದು ಡ್ರಿಲ್ ಮೇಷ್ಟ್ರು ಗೋದಾ. ಬನ್ನು ನೋಡಿದರು, ಫರ್ಗಸ್‌ನ ಮುಖ ನೋಡಿದರು, ಮತ್ತೆ ಬನ್ನು ನೋಡಿದರು. ಫರ್ಗಸ್ ಮೇಷ್ಟ್ರು ಅನ್ನುವುದು ಇಲ್ಲಿಯವರ ಬಾಯಲ್ಲಿ 'ಫಾಗಸು ಸೆನ್ಸೇ'.

"ಫಾಗಸು ಸೆನ್ಸೇ, ಹೊಟ್ಟೆನೋವು ವಾಸಿಯಾಯ್ತಾ?"

"ವಾಸಿಯಾಯ್ತು ಸರ್. ಬಿಸಿನೀರೇ ಉಳಿಸಿದ್ದು ನನ್ನ. ನಿನ್ನೆ ಇಡೀ ದಿನ ಬಿಸಿನೀರೇ."

"ಇಡೀ ದಿನಾನಾ! ಅಬ್ಬಬ್ಬಾ! ನಂಗೂ ಮಂಡಿನೋವು. ನೀರು ಚೆನ್ನಾಗಿತ್ತೋ?"

"ನೀರು ನೀರಿನ ಹಾಗೇ ಇತ್ತು ಸರ್."

ಹೊಲಿಗೆ, ಅಡುಗೆ ಕಲಿಸುವ ನಿಶಿವಾಕಿ ಟೀಚರು ಬಂದವರೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಚರ್ಮ ಹೇಗೆ ಹೊಳೀತಿದೆ ನೋಡಿ! ಕಾಯಿಲೆ ಬಂದ್ರೆ ಹೀಗೆ ಬರಬೇಕು." ಕೋಣೆಯಲ್ಲೆಲ್ಲ ಕಿಸಕಿಸ. ಓಮಿಯಾಗೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಫರ್ಗಸ್ ಬೀಗಿದ.

ಮಧ್ಯಾಹ್ನ ಊಟದ ಹೊತ್ತಿಗೆ ನಿಶಿವಾಕಿಯವರಿಗೆ ಕನಿಕರ ಬಂತು. ಪಕ್ಕಕ್ಕೆ ಕರೆದು ಹಾಳೆಯ ಮೇಲೆ ಬೆರಳಿಟ್ಟರು.

"ಸೆನ್ಸೇ, ಬೇಜಾರು ಮಾಡ್ಕೋಬೇಡಿ. ಹೊಟ್ಟೆನೋವು ಅಂತ ರಜೆ ಹಾಕಿ ಯುನೊಸಾವಾಕ್ಕೆ ಹೋದೋರು, ಆ ಊರಿನ ಸಿಹಿ ತಂದು ಹಂಚಬಾರದಿತ್ತು. ನಾವಾದ್ರೆ ಅಲ್ಲೇ ತಿಂದ್ಕೊಂಡು ಬರ್ತೀವಿ."

"ಯುನೊಸಾವಾ? ಅದೆಲ್ಲಿದೆ?"

"ಚೆನ್ನಾಗಿ ಹೇಳಿದ್ರಿ! ಬಿಸಿನೀರಿನ ಬುಗ್ಗೆಯ ಊರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಎಲ್ರೂ ಬಟ್ಟೆ ಬಿಚ್ಚಿಟ್ಟೇ ನೀರಿಗಿಳಿಯೋದು. ಈ ಆವಿಯ ಬಟ್ಟಲು ಅದರದೇ ಗುರುತು, ಹಾಳೆ ಮೇಲಿರೋದೂ ಆ ಊರಿನ ಹೆಸರೇ."

ಫರ್ಗಸ್ ಎರಡೂ ಕೈ ಆಡಿಸಿದ. "ಅಯ್ಯೋ, ನಾನು ಹೋಗೇ ಇಲ್ಲ! ಸ್ನೇಹಿತೆ ಕೊಟ್ಟಿದ್ದು ಅದು!"

"ಹೌದೌದು, ಸ್ನೇಹಿತೆ," ಎಂದರು ನಿಶಿವಾಕಿ, ಇನ್ನಷ್ಟು ಕನಿಕರದಿಂದ. ಆಮೇಲೆ ಅವರೇ ಮೂರು ಮೇಜು ಸುತ್ತಿ, ಪಾಪ ಒಬ್ಬಳು ಸ್ನೇಹಿತೆಯೂ ಜೊತೆಗಿದ್ದಳಂತೆ ಎಂಬ ಸುದ್ದಿ ಮುಟ್ಟಿಸಿದರು.

ಈಗ ಉಳಿದಿದ್ದು ಒಂದೇ ದಾರಿ. ಕುರೊಸಾಕಾ ಬೆಳಗಿನಿಂದ ಹೊರಗೆ ಹೋಗಿದ್ದರು; ಅವರ ಮೇಜಿನ ಬನ್ನು ಹಾಗೇ ಕೂತಿತ್ತು. ಅದು ಅವರ ಕಣ್ಣಿಗೆ ಬಿದ್ದರೆ ರಜೆಯೂ ಹೋಯಿತು, ಅಮ್ಮನ ಜೊತೆಯ ನೆಮ್ಮದಿಯೂ ಹೋಯಿತು. ಫರ್ಗಸ್ ಬಗ್ಗಿಕೊಂಡೇ ಹೋಗಿ ಬನ್ನಿಗೆ ಕೈ ಹಾಕಿದ.

"ಇನ್ನೊಂದು ಬೇಕಿದ್ರೆ ನಂದು ತಗೊಳ್ಳಿ ಸೆನ್ಸೇ!" ಗೋದಾ ಮೈದಾನದ ದನಿಯಲ್ಲೇ ಕೂಗಿದರು.

ಅದೇ ಗಳಿಗೆಗೆ ಬಾಗಿಲು ತೆರೆದು ಕುರೊಸಾಕಾ ಒಳಗೆ ಬಂದರು. ಫರ್ಗಸ್‌ಗೆ ಬೇರೇನೂ ತೋಚಲಿಲ್ಲ. ಬನ್ನನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ. ಹಾಳೆ ಮಾತ್ರ ಕೈಯಲ್ಲೇ ಉಳಿಯಿತು.

"ನಿನ್ನೆ ಹುಷಾರಿರಲಿಲ್ವಂತೆ?" ಎಂದರು ಕುರೊಸಾಕಾ.

"ಮ್ಮ್," ಎಂದ ಫರ್ಗಸ್.

ಅವರ ಕಣ್ಣು ಹಾಳೆಯ ಮೇಲೆ ಬಿತ್ತು. ಮುಖ ಸುಣ್ಣದ ಗೋಡೆಯಂತೆ ಬಿಳಿಚಿತು. "ಸ್ವಲ್ಪ ಬನ್ನಿ" ಎಂದು ಅವನನ್ನು ಚಹಾ ಕಾಯಿಸುವ ಕಿರುಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಇಡೀ ಶಿಕ್ಷಕವೃಂದ ಕಿವಿಯನ್ನು ಅತ್ತ ತಿರುಗಿಸಿ ಉತ್ತರಪತ್ರಿಕೆ ತಿದ್ದತೊಡಗಿತು.

ಒಳಗೆ ಕುರೊಸಾಕಾ ಸೊಂಟ ಮುರಿಯುವಷ್ಟು ಬಗ್ಗಿದರು.

"ಫಾಗಸು ಸೆನ್ಸೇ, ನೀವು ನೋಡಿಬಿಟ್ರಿ ಅಲ್ವಾ?"

"ಏನನ್ನ ಸರ್?"

"ಮೈಮೇಲೆ ನೂಲೆಳೆ ಇಲ್ದೆ, ನೆತ್ತಿ ಮೇಲೆ ಒದ್ದೆ ಟವೆಲ್ ಇಟ್ಕೊಂಡು, ನೀರಲ್ಲಿ ಕೂತು ಹಾಡ್ತಿದ್ನಲ್ಲ, ಅದನ್ನ. ನಿನ್ನೆ ಎಲ್ರಿಗೂ ಮೀಟಿಂಗ್ ಅಂತ ಹೇಳಿ ಯುನೊಸಾವಾಕ್ಕೆ ಹೋಗಿದ್ದೆ. ಅದಕ್ಕೇ ಅಲ್ವಾ ಈ ಬನ್ನು ನನ್ನ ಮೇಜಿನ ಮೇಲೆ ಇಟ್ಟಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದವರೂ ಇರಲಿಲ್ಲ.

"ಸರ್, ದೇವರಾಣೆಗೂ ನಾನಲ್ಲಿ ಇರಲಿಲ್ಲ!"

ಕುರೊಸಾಕಾ ತಲೆಯೆತ್ತಿದರು. ಕಣ್ಣಲ್ಲಿ ನೀರಾಡಿತು. "ಎಂಥಾ ದೊಡ್ಡ ಮನಸ್ಸು! ಹೌದು, ನೀವೂ ಇರಲಿಲ್ಲ, ನಾನೂ ಇರಲಿಲ್ಲ." ಕೈಯಲ್ಲಿದ್ದ ಕಡತದಿಂದ ರಜೆಯ ಅರ್ಜಿ ಎಳೆದು, ಜೇಬಿನಿಂದ ಮುದ್ರೆ ತೆಗೆದು ಅಲ್ಲೇ ಒತ್ತಿಬಿಟ್ಟರು.

ಫರ್ಗಸ್‌ಗೆ ಭೂಮಿ ಮೇಲೆ ಕಾಲೇ ನಿಲ್ಲಲಿಲ್ಲ. ಸಂಜೆಯ ಶಿಕ್ಷಕರ ಸಭೆಯಲ್ಲಿ ಅವನು ಒಳಗೊಳಗೇ ನಗುತ್ತ ಕೂತಿದ್ದ. ಕಡೆಯ ವಿಷಯ, ಈ ವರ್ಷದ ಪ್ರವಾಸ ಎಲ್ಲಿಗೆ?

"ಯುನೊಸಾವಾ!" ಎಂದರು ಗೋದಾ. "ದಾರಿ ತೋರಿಸೋಕೆ ಫಾಗಸು ಸೆನ್ಸೇ ಇದ್ದಾರಲ್ಲ!" ಎಂದರು ನಿಶಿವಾಕಿ. ಎಲ್ಲರೂ ಚಪ್ಪಾಳೆ ತಟ್ಟಿದರು.

ಕುರೊಸಾಕಾ ಒಮ್ಮೆ ಬೆವರಿದರು. ಆಮೇಲೆ ಉಪಕಾರ ತೀರಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು ಎಂದು ಎದ್ದು ನಿಂತರು. "ಮುಂದಿನ ತಿಂಗಳು ಅವರ ತಾಯಿ ಬರ್ತಿದ್ದಾರೆ. ಆ ಮೂರು ದಿನಾನೇ ಇಟ್ಕೊಳ್ಳೋಣ. ತಾಯಿಯೋರು ನಮ್ಮೆಲ್ಲರ ಅತಿಥಿ. ಸೆನ್ಸೇಗೆ ರಜೆಯೂ ಉಳಿಯತ್ತೆ!" ಎಂದು ಮುದ್ರೆ ಬಿದ್ದ ಅರ್ಜಿಯನ್ನು ಎಲ್ಲರೆದುರು ಪ್ರೀತಿಯಿಂದ ಹರಿದರು.

"ಅಮ್ಮನ ಬೆನ್ನು ನಾನೇ ಉಜ್ತೀನಿ!" ಎಂದು ನಿಶಿವಾಕಿ ಕಣ್ಣೊರೆಸಿಕೊಂಡರು. ಉಳಿದ ಟೀಚರುಗಳೂ ತಮ್ಮತಮ್ಮ ಸರದಿ ಹೇಳಿದರು.

ಮನೆಗೆ ಬಂದಾಗ ಫೋನು ಹೊಡೆದುಕೊಳ್ಳುತ್ತಿತ್ತು. ಅಮ್ಮ.

"ರಜೆ ಸಿಕ್ತೇನಪ್ಪ?"

"ಪ್ರವಾಸ ಸಿಕ್ತಮ್ಮ. ನಮ್ಮ ಶಾಲೆಯೋರೆಲ್ಲಾ ನಿನ್ನ ಜೊತೆಗೇ ಬರ್ತಾರಂತೆ. ಬಿಸಿನೀರಿನ ಬುಗ್ಗೆಗೆ."

ಎಲ್ಸ್‌ಪೆತ್ ಸಂತೋಷದಿಂದಲೇ ಹೇಳಿದಳು, "ಎಷ್ಟು ಒಳ್ಳೆ ಜನ! ಗದ್ದಲ ಆದ್ರೆ ಆಗ್ಲಿ ಬಿಡು. ಆದ್ರೆ ಅಷ್ಟು ಜನ ಮೇಷ್ಟ್ರು, ಟೀಚರುಗಳ ಮುಂದೆ ನಿನ್ನ ಮಾನ ಉಳೀಬೇಕಲ್ಲ. ಹೇಳು ಮಗನೇ, ಅಲ್ಲಿಗೆ ಯಾವ ಬಟ್ಟೆ ಹಾಕ್ಕೊಂಡ್ರೆ ಚೆನ್ನಾಗಿರತ್ತೆ?"