ಮೂರು ಸೇನೆಗೆ ಒಂದೇ ಕೋಟು

ಹೇಳ್ರಿ ನೋಡೋಣ: ಒಂದು ದೇಶದ ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರೂ ನಟ್ಟನಡು ಯುದ್ಧದಲ್ಲಿ ಆಯುಧ ಕೆಳಗಿಟ್ಟು ಸಕ್ಕರೆ ಬಾಯಿಗೆ ಹಾಕಿಕೊಂಡವು. ಏನಾಗಿರಬೇಕು? ಸಂಧಿಯಾಯಿತು ಅಂತೀರಾ? ಅಲ್ಲ. ಶತ್ರು ಓಡಿಹೋದನೇ? ಅವನೂ ಸಕ್ಕರೆಗೆ ಬಾಯಿ ತೆರೆದು ನಿಂತಿದ್ದ!

ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿದವನು. ನಾನು ಕಟ್ಟಲು ಹೋದ ಯಾವ ವ್ಯವಸ್ಥೆಯೂ ಪುಸ್ತಕದಲ್ಲಿದ್ದಂತೆ ನಡೆದದ್ದಿಲ್ಲ. ನಿವೃತ್ತನಾದ ಮೇಲಾದರೂ ಸುಮ್ಮನೆ ಕೂತೆನೇ? ಒಂದು ನಾಟಕ ಬರೆದೆ. ಅದರಲ್ಲಿ ಸುವರ್ಣಗಡ ಅಂತೊಂದು ದೇಶ. ಅಲ್ಲಿ ಮೂರು ಸೇನೆಗಳಿಗೂ ಜಗಳ. ಮೂರನ್ನೂ ಒಬ್ಬ ಮಹಾದಂಡನಾಯಕನ ಕೈಗೆ ಕೊಟ್ಟಾಗ ದೇಶ ಉಳಿಯುತ್ತದೆ. ಕಾಗದದ ಮೇಲೆ ಬಹಳ ಚೊಲೋ ಇತ್ತು.

೧. ನೇಮಕಾತಿ

ನಾಟಕ ಬಬಲೇಶ್ವರದಲ್ಲಿ, ತಾಲೀಮು ವಿಜಯಪುರದ ನಮ್ಮ ಮಾಳಿಗೆಯ ಮೇಲೆ. ಸೇನಾಧಿಪತಿಗಳ ಪಾತ್ರಕ್ಕೆ ಬಂದವರು ಮೂವರು: ತಿಕೋಟಾದ ದ್ರಾಕ್ಷಿ ಬೆಳೆಗಾರರು, ಬಬಲೇಶ್ವರದ ಅರಿವೆ ಅಂಗಡಿಯವರು, ನಮ್ಮ ಓಣಿಯ ನಿವೃತ್ತ ಬಸ್ ಕಂಡಕ್ಟರು. ಮೂವರಿಗೂ ಮಹಾದಂಡನಾಯಕನ ಪಾತ್ರವೇ ಬೇಕು! ನಾನು ಅರ್ಹತೆ, ಹಿರಿತನ, ಅನುಭವ ಅಂತ ಭಾಷಣ ಶುರುಮಾಡಿದೆ. ಅಷ್ಟರಲ್ಲಿ ನಾಟಕದ ಡ್ರೆಸ್ ಬಾಡಿಗೆ ಕೊಡುವವರು ಪದಕ ಜೋಲಾಡುವ ಕೋಟು ಹಿಡಿದು ಬಂದರು. ಇದ್ದದ್ದು ಒಂದೇ. ಕಂಡಕ್ಟರು ತೊಟ್ಟರೆ ತೋಳು ಬೆರಳು ದಾಟಿ ಇಳಿಬಿದ್ದವು. ಅಂಗಡಿಯವರು ತೊಟ್ಟರೆ ಗುಂಡಿ ಗುಂಡಿಯ ಮುಖ ನೋಡಲಿಲ್ಲ. ದ್ರಾಕ್ಷಿಯವರಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

"ಭಾಷಣ ಸಾಕ್ರಿ ಸರ," ಅಂದರು ಡ್ರೆಸ್ಸಿನವರು. "ಎಲ್ಲಾ ದೇಶದಾಗೂ ಹಿಂಗ ನಡೀತೈತಿ. ಕೋಟ ಯಾರಿಗೆ ಕೂಡ್ತೈತೋ ಅಂವನ ದೊಡ್ಡಾವ."

ಅಂಗಡಿಯವರು ನೌಕಾಧಿಪತಿ, ಕಂಡಕ್ಟರು ವಾಯುಸೇನಾಧಿಪತಿ ಆದರು. ಭೂಸೇನೆಗೆ ಜನ ಸಿಗದೆ ನಾನೇ ನಿಂತೆ. ಯಾರ ತಲೆಗೂ ಕೂಡದ ಟೊಪ್ಪಿಗೆ ಒಂದು ಉಳಿದಿತ್ತು, ಅದು ನನಗೆ.

೨. ವಾಯುದಾಳಿ

ದಂಡನಾಯಕರು "ವಿಮಾನಗಳು ಹಾರಲಿ!" ಅಂದ ಕೂಡಲೇ ಕಂಡಕ್ಟರು ಹಿಂದೆ ತಿರುಗಿ, "ಬಾಗಲದಾಗ ನಿಂದರಬ್ಯಾಡ್ರಿ, ಒಳಗ ಸರೀರಿ, ಹಿಂದ ಜಾಗಾ ಐತಿ," ಅಂತ ಕೂಗಿ ಸೀಟಿ ಊದಿದರು. "ರೈಟ್!"

"ಅಣ್ಣಾರ, ಅದು ಯುದ್ಧವಿಮಾನ," ಅಂದೆ. "ಅದರಾಗ ಒಬ್ಬನ ಇರ್ತಾನ."

"ಒಬ್ಬನ ಸಲುವಾಗಿ ಗಾಡಿ ಬಿಡಾಕ ಬರೂದಿಲ್ರಿ ಸರ."

ಮರುದಿನದ ತಾಲೀಮಿನಲ್ಲಿ ದಂಡನಾಯಕರು ಗುಡುಗಿದರು: "ನಮ್ಮ ವಿಮಾನಗಳು ಎಲ್ಲಿಗೆ ಬಂದವು?"

"ಇಟ್ಟಂಗಿಹಾಳದಾಗ ಅದಾವ್ರಿ. ಚಾಕ್ಕ ಹತ್ತ ಮಿನಿಟ ನಿಲ್ಲಿಸೇವಿ."

೩. ಆಜ್ಞೆ

ಒಂದು ಮಧ್ಯಾಹ್ನ ದ್ರಾಕ್ಷಿಯವರ ಮಗಳು ಮನೆಗೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಸಾಲಿ ಟೀಚರು. ಕೂಡ್ರಲಿಲ್ಲ, ಚಹಾ ಮುಟ್ಟಲಿಲ್ಲ.

"ಸರ, ನಾಟಕದಾಗ ನಮ್ಮಪ್ಪ ನೌಕಾಧಿಪತೀನ್ನ ಮಂಡಿಯೂರಸ್ತಾನಂತ, ಖರೇನ್ರಿ?"

"ಖರೇ. ಯಾಕವ್ವಾ?"

"ಆ ಅರಿವಿ ಅಂಗಡಿಯವರ ಮಗನಿಗೇ ನನ್ನ ಕೊಡಾಕ ನಮ್ಮಪ್ಪ ಕೇಳ್ಯಾನ್ರಿ. ಹುಡುಗಗೂ ಒಪ್ಪಿಗಿ, ನನಗೂ ಒಪ್ಪಿಗಿ. ಅವರಪ್ಪಾರು ಮಾತ್ರ ಆರು ತಿಂಗಳಾತು, 'ಮನ್ಯಾಗ ಕೇಳಿ ಹೇಳ್ತೀನಿ' ಅನ್ನಾಕತ್ತಾರ. ಈಗ ಮಂಡಿಯೂರಿಸಿದ್ರ ಮುಗೀತು. ನಿಮ್ಮ ಯುದ್ಧದಾಗ ಮೊದಲು ಸಾಯೂದು ನನ್ನ ಮದುವಿ!"

ಅವಳ ಮಾತು ಸುಳ್ಳಲ್ಲ. ಹೆಣ್ಣಿನ ತಂದೆ ಗಂಡಿನ ತಂದೆಯ ಹತ್ತಿರ ಗಟ್ಟಿಯಾಗಿ ಕೆಮ್ಮುವುದೂ ಕಷ್ಟ. ಮಂಡಿಯೂರುವ ದೃಶ್ಯ ಕಿತ್ತು ಹಾಕಿದೆ. "ನೌಕಾಧಿಪತಿ, ಯುದ್ಧಕ್ಕೆ ಹೊರಡು!" ಅಂತ ಒಂದೇ ಮಾತು ಉಳಿಸಿದೆ. ತಾಲೀಮಿನಲ್ಲಿ ದ್ರಾಕ್ಷಿಯವರಿಂದ ಅದೂ ಆಗಲಿಲ್ಲ. ಟೊಪ್ಪಿಗೆ ತೆಗೆದು ಕೈ ಮುಗಿದರು.

"ತಾವು ದೊಡ್ಡ ಮನಸ್ಸ ಮಾಡಿ ಯುದ್ಧಕ್ಕ ಬರೂದಾಗಬೇಕ್ರಿ. ಹಿಂದಿನ ದಿನಾನ ಬರ್ರಿ. ಮಕ್ಕಳು ಮರಿ ಎಲ್ಲಾರನ್ನೂ ಕರಕೊಂಡ ಬರ್ರಿ."

ನೌಕಾಧಿಪತಿ ಗಂಭೀರವಾಗಿ ತಲೆಯಾಡಿಸಿದರು. ಅಂಗಡಿಯಲ್ಲಿ ಗಿರಾಕಿಗಳಿಂದ ದಿನವಿಡೀ ಕೇಳುವ ಮಾತು ಅವರ ಬಾಯಿಗೂ ಅಂಟಿತ್ತು.

"ನೋಡೂನ್ರಿ. ಮನ್ಯಾಗ ಕೇಳಿ ಹೇಳ್ತೀನಿ."

೪. ಯುದ್ಧ

ನಾಟಕದ ಸಂಜೆ ಮಂಟಪ ತುಂಬಿತ್ತು. ಹುಡುಗಿ ಮೊದಲ ಸಾಲಿನಲ್ಲಿ ಸೆರಗಿನ ತುದಿ ತಿರುವುತ್ತ ಕೂತಿದ್ದಳು. ಶತ್ರುವಿನ ಪಾತ್ರ ನಿಡೋಣಿಯ ರೈತರೊಬ್ಬರದು. ಬಂದು ಗದೆ ಎತ್ತಿ ನಿಂತರು. ದಂಡನಾಯಕರು ಬಾಯಿ ತೆರೆದರು, ಮಗಳ ಮುಖ ನೋಡಿದರು, ಮುಂದಿನ ಮಾತು ಮರೆತರು. ಪರದೆಯ ಹಿಂದಿನಿಂದ ಮಾತು ಎತ್ತಿಕೊಡಬೇಕಾದವನು ನಾನೇ. ನಾನೋ ಭೂಸೇನೆಯಾಗಿ ರಂಗದ ಮೇಲೆ ನಿಂತುಬಿಟ್ಟಿದ್ದೆ! ದಂಡನಾಯಕರಿಗೆ ಮೈಮೇಲಿನ ಕೋಟೇ ಧೈರ್ಯ ಕೊಟ್ಟಿತೋ ಏನೋ, ನೌಕಾಧಿಪತಿಯ ಕಡೆ ತಿರುಗಿದರು, ಎದೆಯ ಪದಕಗಳು ಝಣಝಣ ಅಂದವು.

"ಬೀಗರ! ಹೂಂ ಅಂತೀರೋ ಊಹೂಂ ಅಂತೀರೋ? ಆರು ತಿಂಗಳಾತು! ಇವತ್ತ ಹೇಳಿ ಮುಂದ ಹೆಜ್ಜಿ ಇಡ್ರಿ!"

ಇದು ಯಾವ ಯುದ್ಧದ ಮಾತೆಂದು ಸಭೆಗೆಲ್ಲ ಗೊತ್ತಾಯಿತು. ನನ್ನ ಟೊಪ್ಪಿಗೆಯೊಳಗೆ ಬೆವರು. ನೌಕಾಧಿಪತಿ ಗಾಬರಿಬಿದ್ದು ರೂಢಿಯ ಮಾತನ್ನೇ ತೆಗೆದರು:

"ಮನ್ಯಾಗ ಕೇಳಿ..."

ಹೆಂಗಸರು ಕೂತ ಕಡೆಯಿಂದ ಅವರ ಮನೆಯವರು ಎದ್ದು ನಿಂತರು.

"ಮನ್ಯಾಗ ಅಂದ್ರ ನಾನ ಅಲ್ಲೇನ್ರಿ? ಆರು ತಿಂಗಳದಾಗ ಒಂದ ಸರ್ತೆರ ನನ್ನ ಕೇಳೀರೇನು? ಹುಡುಗಿ ಮೊದಲ ದಿನಾನ ನನ್ನ ಮನಸ್ಸಿಗೆ ಬಂದಾಳ. ಹೂಂ ಅನ್ರಿ!"

ನೌಕಾಧಿಪತಿ ದಂಡನಾಯಕರಿಗೆ ಬೆನ್ನು ಮಾಡಿ, ಹೆಂಗಸರ ಕಡೆ ತಿರುಗಿ, ತಾಲೀಮಿನಲ್ಲಿ ಒಂದು ದಿನವೂ ಹೊಡೆಯದಂಥ ಸಲಾಂ ಹೊಡೆದರು. "ಹೂಂ!"

ನಾನು ಮೂವತ್ತು ವರ್ಷ ಕಲಿಸಿದ ಏಕೀಕೃತ ಆಜ್ಞಾವ್ಯವಸ್ಥೆ ಹೇಗಿರುತ್ತದೆಂದು ಅವತ್ತೇ ಕಣ್ಣಾರೆ ಕಂಡದ್ದು. ಕಂಡಕ್ಟರು ಸೀಟಿ ಊದಿದರು. "ರೈಟ್!" ಯಾರೋ ಓಡಿಹೋಗಿ ಸಕ್ಕರೆ ತಂದರು. ಶತ್ರು ನನ್ನ ಅಂಗಿ ಜಗ್ಗಿದರು: "ಸರ, ನಾ ಯಾವಾಗ ಸೋಲೂದ್ರಿ?"

"ಮೊದಲು ಬಾಯಿ ತೆಗೀರಿ," ಅಂತ ಸಕ್ಕರೆ ಹಾಕಿದೆ.

ನೌಕಾಧಿಪತಿ ಕಡೆಯ ಸಲ ತಪ್ಪಿಸಿಕೊಳ್ಳಲು ನೋಡಿದರು. "ಎಲ್ಲಾ ಖರೇ, ಆದ್ರ ಒಂದ ಚೊಲೋ ಮುಹೂರ್ತ ನೋಡಿಸಿ..."

"ಮುಹೂರ್ತ ಕೇಳೂ ಗರಜ ಇಲ್ಲದ ದಿನಾನ ಸಿಕ್ಕೀರಿ, ಸುಮ್ಮ ನಿಂದರ್ರಿ," ಅಂದರು ಮನೆಯವರು.

ಅದು ಹೋದ ವರ್ಷದ ಬಸವ ಜಯಂತಿ, ಅಕ್ಷಯ ತದಿಗೆಯ ದಿನ.