ಮೌಶಿಯ ಏಳು ಇಮೇಲ್‌ಗಳು

ನಮ್ಮ ಮೌಶಿ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಒಬ್ಬಳೇ ಇದ್ದಾಳೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಂಟರ್ನೆಟ್ಟಿನ ಲೆಕ್ಕದಲ್ಲಿ ಆ ಪುಟ್ಟ ಫ್ಲಾಟಿನಲ್ಲಿ ಏಳು ಜನ ವಾಸವಾಗಿದ್ದರು!

ಮೌಶಿ ಎಂದರೆ ನನ್ನ ಅಮ್ಮನ ತಂಗಿ, ವಿಜಯಪುರದ ಕಡೆಯವಳು. ವಿಮಾ ಕಚೇರಿಯಲ್ಲಿ ಊರ ಜನರ ಅರ್ಜಿಗಳನ್ನೆಲ್ಲ ಓದಿ ಓದಿ ನಿವೃತ್ತಳಾದವಳು. ಅದಕ್ಕೇ ಇರಬೇಕು, ತನ್ನದನ್ನು ಯಾರಾದರೂ ಓದಿಬಿಟ್ಟಾರು ಎಂಬ ಭಯ. ಕೊರಿಯರ್ ಡಬ್ಬದ ಮೇಲಿನ ವಿಳಾಸವನ್ನು ಕಿತ್ತು, ನೀರಲ್ಲಿ ನೆನೆಹಾಕಿ, ಹಿಂಡಿ ಎಸೆಯುತ್ತಾಳೆ. ಫೋನ್ ಮಾಡಿದರೆ ಮೊದಲ ಪ್ರಶ್ನೆ, "ಮಗ್ಗಲಾಗ ಯಾರದಾರ?"

ಒಮ್ಮೆ ಮೊಬೈಲಿನಲ್ಲಿ ನೋಡಿದ ಸೀರೆಯ ಜಾಹೀರಾತು ವಾರವಿಡೀ ಬೆನ್ನುಹತ್ತಿತು. ಅಷ್ಟೇ ಸಾಕಾಯಿತು! ಹಳೆಯ ಇಮೇಲ್ ಮುಚ್ಚಿಬಿಟ್ಟು ವಿದೇಶದ ಯಾವುದೋ ಗುಟ್ಟಿನ ಇಮೇಲ್ ಕಂಪನಿ ಹಿಡಿದಳು. ‘ನಿಮ್ಮ ಪತ್ರ ಓದಲು ನಮಗೂ ಸಾಧ್ಯವಿಲ್ಲ’ ಎಂಬುದು ಅವರ ಭರವಸೆ.

"ಓದಾಕ ಬರಲಾರದವರೇ ಛಲೋ," ಎಂದಳು ಮೌಶಿ.

ಪುಕ್ಕಟೆಯಾದರೆ ಒಬ್ಬರಿಗೆ ಒಂದೇ ಖಾತೆ ಎಂಬ ನಿಯಮವಿತ್ತು. ಮೌಶಿ ಕೇಳುವವಳೇ? ಲೈಟ್ ಬಿಲ್ಲಿಗೊಂದು, ಗ್ಯಾಸಿಗೊಂದು, ಸೊಸೈಟಿಯ ನೋಟಿಸಿಗೊಂದು, ಬೀಗರಿಗೆಂದೇ ಒಂದು... "ಕಳ್ಳ ಬಂದ್ರ ಒಂದೇ ಖೋಲಿ ಸಿಗಬೇಕವಾ, ಇಡೀ ಮನಿ ಅಲ್ಲ!" ಏಳನೆಯದು ಯಾತಕ್ಕೆಂದು ಮಾತ್ರ ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ಒಂದು ಮಧ್ಯಾಹ್ನ ಅವಳ ಫೋನ್. "ಇಮೇಲ್ ಕಂಪನಿಯವರು ಏಳೂ ಬಂದ್ ಮಾಡ್ಯಾರ. ನಾನು ಮನುಷ್ಯಾಳೋ ಮಷೀನೋ ಅಂತ ಡೌಟ್ ಬಂದದಂತ. ಅವರನ್ನ ನಾ ನಂಬಿದ್ನಲ್ಲ, ನನ್ನ ಅವರು ನಂಬವಲ್ರು!"

ನಾನು ಬಿದ್ದು ಬಿದ್ದು ನಕ್ಕೆ. ಆ ಕಡೆಯಿಂದ ನಗು ಬರಲಿಲ್ಲ.

"ಏಳನೇದ್ರಾಗ ನನ್ನ ರಿಪೋರ್ಟ್ ಅದ."

"ಯಾವ ರಿಪೋರ್ಟ್?"

"ಕುತ್ತಿಗ್ಯಾಗ ಒಂದು ಗಂಟಾಗೇದ. ಸೂಜಿ ಚುಚ್ಚಿ ಟೆಸ್ಟಿಗೆ ತಗೊಂಡಾರ."

ಯಾವ ಲ್ಯಾಬ್ ಎಂದು ಕೇಳಿಕೊಂಡು, ಅಲ್ಲಿಗೇ ಬಾ ಎಂದು ಹೇಳಿ ಹೊರಟೆ.

ನಾನಿರುವ ಕೋಪರಖೈರಣೆಯಿಂದ ಠಾಣೆ ಊರಿಗೆ ಲೋಕಲ್ ರೈಲಿನಲ್ಲಿ ಎಷ್ಟು ಹೊತ್ತು? ಅರ್ಧ ತಾಸೂ ಇಲ್ಲ. ಅವತ್ತು ಅದು ಮುಗಿಯಲೇ ಇಲ್ಲ. ನೌಪಾಡಾದ ಲ್ಯಾಬಿನ ಬಾಗಿಲಲ್ಲಿ ಮೌಶಿ ನಿಂತಿದ್ದಳು, ತುಟಿ ಒಣಗಿತ್ತು. ನೇರವಾಗಿ ಪ್ರಿಂಟ್ ಕೇಳೋಣ ಎಂದು ಒಳಗೆ ಎಳೆದುಕೊಂಡು ಹೋದೆ. ಕೌಂಟರಿನ ಹುಡುಗಿ ಆಧಾರ್ ನೋಡಿದಳು, ಕಂಪ್ಯೂಟರ್ ನೋಡಿದಳು, ಮೌಶಿಯನ್ನು ನೋಡಿದಳು.

"ಆಂಟೀ, ಯೇ ನಾಮ್ ತೋ ಹೈ ಹೀ ನಹೀ."

ಆ ಹೆಸರೇ ಇಲ್ಲವಂತೆ! ಹೇಗಿದ್ದೀತು? ಮೌಶಿ ತೀರಿಹೋದ ತನ್ನ ಅಜ್ಜಿಯ ಹೆಸರು ಬರೆಸಿದ್ದಳು! ಫೋನ್ ನಂಬರಿನಲ್ಲೂ ಒಂದು ಅಂಕಿ ಬೇಕೆಂದೇ ತಪ್ಪು. ಇಮೇಲ್ ಒಂದೇ ಖರೆ. ಅದನ್ನು ತೆರೆದು ತೋರಿಸಿದರೆ ಪ್ರಿಂಟ್ ಕೊಡುತ್ತೇನೆ ಎಂದಳು ಹುಡುಗಿ. ಇಲ್ಲದಿದ್ದರೆ ಮತ್ತೆ ಸೂಜಿ, ಮತ್ತೆ ಐದು ದಿನ. ಮೌಶಿ ನನ್ನ ಮುಂಗೈ ಹಿಡಿದಳು. ಉಗುರು ನಾಟಿತು.

ಪಕ್ಕದ ಹೋಟೆಲಿನಲ್ಲಿ ಕೂತು ಅವಳ ಮೊಬೈಲ್ ನೋಡಿದೆ. ಬೇರೊಂದು ಇಮೇಲ್ ವಿಳಾಸ ಕೊಟ್ಟರೆ ಅದಕ್ಕೆ ಕೋಡ್ ಕಳಿಸುತ್ತೇವೆ, ಬೇಕಾದ ಒಂದು ಖಾತೆಯನ್ನು ಮಾತ್ರ ತೆರೆಯುತ್ತೇವೆ ಎಂದು ಬರೆದಿತ್ತು. ಎರಡು ದಿನದಿಂದ ಅವಳು ಆ ಖಾಲಿ ಚೌಕವನ್ನೇ ನೋಡುತ್ತ ಕೂತಿದ್ದಳಂತೆ.

"ನನ್ನದು ಹಾಕು ಮೌಶಿ."

"ನಿಂದು ಹಳೇ ಕಂಪನೀದು. ಅವರು ಓದ್ತಾರ."

"ಓದಲಿ! ಓದಿ ಅವರೂ ನಮ್ಮಂಗ ಅಂಜಲಿ!"

ಚಹಾ ಆರಿತು. ಕೊನೆಗೆ ಬೆರಳಾಡಿಸಿದಳು. ಎಲ್ಲಿ ಚುಕ್ಕಿ, ಯಾವ ಅಂಕಿ ಎಂದು ನಾನು ಹೇಳಬೇಕಾಗಲೇ ಇಲ್ಲ, ನನ್ನ ವಿಳಾಸ ಅವಳಿಗೆ ಬಾಯಿಪಾಠ! ನನ್ನ ಫೋನಿಗೆ ಕೋಡ್ ಬಂತು. ಖಾತೆ ತೆರೆಯಿತು. ಒಂದೇ ಒಂದು ಪತ್ರ.

"ನೀ ಓದು," ಎಂದು ಮೊಬೈಲ್ ನನ್ನ ಕಡೆ ತಳ್ಳಿ ಕಣ್ಣು ಮುಚ್ಚಿಕೊಂಡಳು.

ಅಕ್ಷರಗಳು ಓಡಾಡುತ್ತಿದ್ದವು. ಮಾರುದ್ದದ ಡಾಕ್ಟರ್ ಮಾತುಗಳನ್ನು ದಾಟಿ ಕೊನೆಯ ಸಾಲಿಗೆ ಬಂದೆ. ಎರಡು ಸಲ ಓದಿದೆ.

"ಕ್ಯಾನ್ಸರ್ ಇಲ್ಲ ಮೌಶಿ! ಇಲ್ಲ!"

ಆಚೆ ಟೇಬಲ್ಲಿನವರು ತಿರುಗಿದರು. "ಹಗೂರ ಮಾತಾಡು," ಎಂದು ಮೌಶಿ ಗದರಿ ಅತ್ತುಬಿಟ್ಟಳು.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಖರೇ ಆಗ್ತದಂತ ಅಂಜಿಕಿ ಇತ್ತು."

ಆಮೇಲೆ ನನ್ನ ಎರಡು ಬೆರಳು ಹಿಡಿದು ಕುತ್ತಿಗೆಯ ಮೇಲಿಟ್ಟುಕೊಂಡಳು. "ನೋಡು, ಇಲ್ಲಿ ಅದ." ಕಡಲೆಕಾಳಿನಷ್ಟಿತ್ತು. ಅದರ ಪಕ್ಕದಲ್ಲೇ ಅವಳ ನಾಡಿ ಢವಢವ ಹೊಡೆದುಕೊಳ್ಳುತ್ತಿತ್ತು. ಅದು ನಿಧಾನವಾಗುವವರೆಗೂ ನಾನು ಬೆರಳು ತೆಗೆಯಲಿಲ್ಲ.